ಸಲ್ಲಿಸಿದ ಕೋರಿಕೆ ಎಲ್ಲಿ ನಿಂತಿದೆ? ಲಿನಕ್ಸ್ ಕರ್ನಲ್‌ನ ಅಸಿಂಕ್ರೊನಸ್ ಕಡತ ಕಾರ್ಯಗಳ ದೋಷ ನಿವಾರಣೆ

ದೋಷದ ಲಕ್ಷಣ

ಲಿನಕ್ಸ್ ಸರ್ವರ್ ಮೇಲೆ ಓಡುವ ಒಂದು ಸೇವೆ ದಿನದ ಬಹುಪಾಲು ಸರಿಯಾಗಿಯೇ ನಡೆಯುತ್ತಿರುತ್ತದೆ. ಪ್ರೊಸೆಸರ್ ಮೇಲೆ ಹೊರೆಯಿಲ್ಲ, ಮೆಮೊರಿ ಸಾಕಷ್ಟಿದೆ, ಡಿಸ್ಕ್ ಕೂಡ ಹೆಚ್ಚು ಹೊತ್ತು ಬಿಡುವಾಗಿಯೇ ಇದೆ. ಆದರೂ ನಡುನಡುವೆ ಕೆಲವು ಸೆಕೆಂಡುಗಳ ಕಾಲ ಉತ್ತರ ಬರುವುದು ನಿಂತುಹೋಗುತ್ತದೆ, ಆಮೇಲೆ ತಡೆದಿಟ್ಟ ಉತ್ತರಗಳೆಲ್ಲ ಒಮ್ಮೆಗೇ ನುಗ್ಗಿ ಬರುತ್ತವೆ. ತಂತ್ರಾಂಶ ಬರೆದವರನ್ನು ಕೇಳಿದರೆ, ಕಡತಕ್ಕೆ ಸಂಬಂಧಿಸಿದ ಎಲ್ಲ ಕೆಲಸವನ್ನೂ ಅಸಿಂಕ್ರೊನಸ್ ಆಗಿ, ಎಂದರೆ ಕೋರಿಕೆ ಸಲ್ಲಿಸಿ ಅದು ಮುಗಿಯುವವರೆಗೆ ಕಾಯದೆ, ಮಾಡಿದ್ದೇವೆ, ನಮ್ಮ ಮುಖ್ಯ ಥ್ರೆಡ್ ಡಿಸ್ಕ್‌ಗಾಗಿ ಕಾಯುವ ಪ್ರಶ್ನೆಯೇ ಇಲ್ಲ ಎನ್ನುತ್ತಾರೆ. ಅವರು ಪ್ರಾಮಾಣಿಕವಾಗಿಯೇ ಹೇಳುತ್ತಿರುತ್ತಾರೆ. ದೋಷ ಇರುವುದು ಅವರು ಕರ್ನಲ್‌ನಿಂದ (ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನಿಂದ) ನಿರೀಕ್ಷಿಸಿದ್ದಕ್ಕೂ ಕರ್ನಲ್ ನಿಜವಾಗಿ ಮಾಡುವುದಕ್ಕೂ ನಡುವಿನ ಅಂತರದಲ್ಲಿ.

ಹಿಟ್ಟಿನ ಗಿರಣಿಗೆ ಹೋಗಿ, ಜೋಳದ ಡಬ್ಬಿಯನ್ನು ಸಾಲಿನಲ್ಲಿಟ್ಟು, ಸಂತೆ ಮುಗಿಸಿಕೊಂಡು ಬರುವಾಗ ಹಿಟ್ಟು ಒಯ್ಯುವುದು ನಮ್ಮ ಊರುಗಳಲ್ಲಿ ಎಲ್ಲರಿಗೂ ರೂಢಿಯಲ್ಲಿರುವ ಪದ್ಧತಿ. ಅಸಿಂಕ್ರೊನಸ್ ಕೋರಿಕೆಯೂ ಹಾಗೆಯೇ. ಹಿಟ್ಟು ತಡವಾಯಿತೆಂದರೆ ಕಾರಣ ಮೂರರಲ್ಲಿ ಒಂದಿರಬೇಕು: ಡಬ್ಬಿ ಇಡಲು ಹೋದಲ್ಲೇ ನಮ್ಮನ್ನು ನಿಲ್ಲಿಸಿಕೊಂಡಿರಬೇಕು, ಇಲ್ಲವೇ ಡಬ್ಬಿಗಳನ್ನು ಎತ್ತಿ ಸುರಿಯುವ ಆಳು ಹಿಂದೆ ಬಿದ್ದಿರಬೇಕು, ಅದೂ ಅಲ್ಲದಿದ್ದರೆ ಕಲ್ಲೇ ನಿಧಾನವಾಗಿರಬೇಕು. ಈ ಕೈಪಿಡಿಯ ಕ್ರಮವೂ ಇದೇ. ಕೋರಿಕೆ ಸಲ್ಲಿಕೆಯ ಸಿಸ್ಟಂ ಕಾಲ್‌ನಲ್ಲಿ (ತಂತ್ರಾಂಶ ಕರ್ನಲ್‌ಗೆ ಮಾಡುವ ಕರೆಯಲ್ಲಿ) ನಿಂತಿದೆಯೇ, ಕರ್ನಲ್‌ನ ವರ್ಕರ್ ಥ್ರೆಡ್‌ನಲ್ಲಿ ನಿಂತಿದೆಯೇ, ಡಿಸ್ಕ್‌ನಲ್ಲಿ ನಿಂತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವವರೆಗೆ ಯಾವ ಸೆಟ್ಟಿಂಗ್ ಅನ್ನೂ ಮುಟ್ಟಬಾರದು. ಒಂದು ಸ್ಥಳದ ದೋಷಕ್ಕೆ ಇನ್ನೊಂದು ಸ್ಥಳದಲ್ಲಿ ಮದ್ದು ಹಾಕಿ ವಾರಗಟ್ಟಲೆ ಕಳೆದವರನ್ನು ನಾನು ನೋಡಿದ್ದೇನೆ.

ಮೊದಲ ಅಳತೆ

ಸೇವೆಯನ್ನು ಬದಿಗಿಟ್ಟು, ಅದೇ ಯಂತ್ರದ ಅದೇ ಫೈಲ್‌ಸಿಸ್ಟಂ ಮೇಲೆ ಫಿಯೋ ಎಂಬ ಪರೀಕ್ಷಾ ಉಪಕರಣವನ್ನು ಓಡಿಸಬೇಕು. ಇದು ಪ್ರತಿ ಕೋರಿಕೆಗೂ ಎರಡು ವಿಳಂಬಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಎಸ್‌ಲ್ಯಾಟ್ ಎಂದರೆ ಕೋರಿಕೆಯನ್ನು ಕರ್ನಲ್‌ಗೆ ಒಪ್ಪಿಸಲು ಹಿಡಿದ ಸಮಯ. ಸಿಲ್ಯಾಟ್ ಎಂದರೆ ಒಪ್ಪಿಸಿದ ಮೇಲೆ ಅದು ಮುಗಿಯಲು ಹಿಡಿದ ಸಮಯ. ನಿಜವಾಗಿಯೂ ಅಸಿಂಕ್ರೊನಸ್ ಆದ ದಾರಿಯಲ್ಲಿ ಎಸ್‌ಲ್ಯಾಟ್ ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಮುಗಿದು, ಡಿಸ್ಕ್‌ಗೆ ಬೇಕಾದ ಸಮಯವೆಲ್ಲ ಸಿಲ್ಯಾಟ್‌ನಲ್ಲಿ ಕಾಣಬೇಕು. ಇದು ತಲೆಕೆಳಗಾಗಿ, ಡಿಸ್ಕ್‌ನ ಸಮಯವೆಲ್ಲ ಎಸ್‌ಲ್ಯಾಟ್‌ನಲ್ಲೇ ಕಂಡುಬಂದರೆ, ಹೆಸರಿಗೆ ಮಾತ್ರ ಅಸಿಂಕ್ರೊನಸ್ ಎಂದು ತೀರ್ಮಾನಿಸಬಹುದು.

ಇಲ್ಲಿ ಒಂದು ಬಲೆಯಿದೆ. ಈ ಮೊದಲ ಪರೀಕ್ಷೆಯನ್ನು ಐಓಡೆಪ್ತ್ (ಒಮ್ಮೆಗೆ ಬಾಕಿಯಿಡುವ ಕೋರಿಕೆಗಳ ಸಂಖ್ಯೆ) 1 ಇಟ್ಟೇ ಮಾಡಬೇಕು. ಅದನ್ನು 32 ಎಂದು ಇಟ್ಟರೆ, ಮೊದಲ ಕೋರಿಕೆ ಸಲ್ಲಿಕೆಯ ಹಂತದಲ್ಲೇ ಮುಗಿದುಹೋಗಿದ್ದರೂ, ಉಳಿದ 31ನ್ನು ಸಲ್ಲಿಸುವವರೆಗೆ ಫಿಯೋ ಅದರ ಫಲಿತಾಂಶವನ್ನು ಎತ್ತಿಕೊಳ್ಳಲು ಹೋಗುವುದಿಲ್ಲ. ಆಗ ಸಿಲ್ಯಾಟ್ ಎಂಬುದು ಎಸ್‌ಲ್ಯಾಟ್‌ನ ಸುಮಾರು 31 ಪಟ್ಟಾಗಿ ಕಾಣಿಸಿಕೊಂಡು, ನೋಡಿದವರಿಗೆ ಡಿಸ್ಕ್ ನಿಧಾನವಾಗಿದೆ ಎಂಬ ತಪ್ಪು ತಿಳಿವಳಿಕೆ ಉಂಟಾಗುತ್ತದೆ. ಆಳವನ್ನು ಹೆಚ್ಚಿಸಿದಂತೆಲ್ಲ ಸಿಲ್ಯಾಟ್ ಅದೇ ಪ್ರಮಾಣದಲ್ಲಿ ಬೆಳೆಯುತ್ತ ಹೋಗಿ, ಸೆಕೆಂಡಿಗೆ ಮುಗಿಯುವ ಕೋರಿಕೆಗಳ ಸಂಖ್ಯೆ ಮಾತ್ರ ಇದ್ದಲ್ಲೇ ಇದ್ದರೆ, ಡಿಸ್ಕ್ ಮೇಲೆ ಆರೋಪ ಹೊರಿಸುವ ಮೊದಲು ಈ ಬಲೆಯನ್ನು ನೆನಪಿಸಿಕೊಳ್ಳಬೇಕು.

ಓಡುತ್ತಿರುವ ಸೇವೆಯಲ್ಲೇ ಅಳೆಯಬೇಕಾದರೆ ಸಿಸ್ಟಂ ಕಾಲ್‌ಗಳನ್ನು ದಾಖಲಿಸುವ ಉಪಕರಣಗಳಲ್ಲಿ ಎಸ್‌ಟ್ರೇಸ್‌ಗಿಂತ ಪರ್ಫ್ ಟ್ರೇಸ್ ಮೇಲು, ಏಕೆಂದರೆ ಎಸ್‌ಟ್ರೇಸ್ ಪ್ರತಿ ಸಿಸ್ಟಂ ಕಾಲ್‌ನಲ್ಲೂ ಪ್ರಕ್ರಿಯೆಯನ್ನು ತಡೆದು ನಿಲ್ಲಿಸುವುದರಿಂದ ಅಳತೆಯೇ ಕೆಡುತ್ತದೆ. ಕರ್ನಲ್‌ನ ಹೊಸ ಅಸಿಂಕ್ರೊನಸ್ ಸೌಲಭ್ಯವಾದ ಐಓ-ಯೂರಿಂಗ್ ಬಳಸುವ ತಂತ್ರಾಂಶದಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಎಸ್‌ಕ್ಯೂಪೋಲ್ ವಿಧಾನ ಚಾಲನೆಯಲ್ಲಿದ್ದರೆ ಕರ್ನಲ್‌ನ ಥ್ರೆಡ್ಡೇ ಸಲ್ಲಿಕೆಯ ಸಾಲನ್ನು ನೋಡುತ್ತ ಕುಳಿತಿರುವುದರಿಂದ ಸಿಸ್ಟಂ ಕಾಲ್‌ಗಳು ಕಾಣಿಸದೆಯೇ ಕೆಲಸ ನಡೆಯುತ್ತಿರಬಹುದು. ಟ್ರೇಸ್ ಖಾಲಿಯಿದೆ ಎಂದ ಮಾತ್ರಕ್ಕೆ ಕೋರಿಕೆಗಳೇ ಇಲ್ಲ ಎಂದು ತಿಳಿಯಬಾರದು.

ಹಳೆಯ ಎಐಓ: ಸಲ್ಲಿಕೆಯಲ್ಲೇ ನಿಲ್ಲುವುದು

ತಂತ್ರಾಂಶ ಯಾವ ದಾರಿಯನ್ನು ಬಳಸುತ್ತಿದೆ ಎಂಬುದನ್ನು ಮೊದಲು ನೋಡಬೇಕು. ಎಐಓ ಎಂದರೆ ಅಸಿಂಕ್ರೊನಸ್ ಓದು ಬರಹ. ಸಿ ಲೈಬ್ರರಿಯಾದ ಜಿಲಿಬ್‌ಸಿಯ ಪೋಸಿಕ್ಸ್ ಎಐಓ ಕರ್ನಲ್‌ನ ಸೌಲಭ್ಯವೇ ಅಲ್ಲ. ಅದು ಬಳಕೆದಾರರ ಮಟ್ಟದಲ್ಲಿ ಥ್ರೆಡ್‌ಗಳನ್ನು ಹುಟ್ಟಿಸಿ ಸಾಮಾನ್ಯ ಓದು ಬರಹವನ್ನೇ ಮಾಡಿಸುತ್ತದೆ, ಮತ್ತು ಒಂದೇ ಫೈಲ್ ಡಿಸ್ಕ್ರಿಪ್ಟರ್‌ಗೆ ಬಂದ ಕೋರಿಕೆಗಳನ್ನು ಒಂದರ ಹಿಂದೆ ಒಂದಾಗಿ ನಡೆಸುತ್ತದೆ. ಕರ್ನಲ್‌ನ ಸ್ವಂತ ಎಐಓ 2003ರ ಕೊನೆಯಲ್ಲಿ ಬಿಡುಗಡೆಯಾದ 2.6 ಆವೃತ್ತಿಯ ಕಾಲದಿಂದ ಇದೆ. ಡೇಟಾಬೇಸ್‌ಗಳು ಲಿಬ್‌ಎಐಓ ಮೂಲಕ ಬಳಸುವುದು ಇದನ್ನೇ.

ಇದರಲ್ಲಿ ಐಓ-ಸಬ್ಮಿಟ್ ಕರೆ ತಡವಾಗಿ ಹಿಂದಿರುಗುತ್ತಿದ್ದರೆ ಮೊದಲ ಅನುಮಾನ ಓ-ಡೈರೆಕ್ಟ್ ಮೇಲೆ, ಎಂದರೆ ಪೇಜ್ ಕ್ಯಾಶ್ (ಕರ್ನಲ್ ಮೆಮೊರಿಯಲ್ಲಿಡುವ ಕಡತ ಪುಟಗಳ ಸಂಗ್ರಹ) ಬಿಟ್ಟು ನೇರವಾಗಿ ಡಿಸ್ಕ್ ಮುಟ್ಟುವಂತೆ ಹೇಳುವ ಫ್ಲ್ಯಾಗ್ ಮೇಲೆ, ಹೋಗಬೇಕು. ಕಡತವನ್ನು ಆ ಫ್ಲ್ಯಾಗ್ ಇಲ್ಲದೆ ತೆರೆದಿದ್ದರೆ, ಪೇಜ್ ಕ್ಯಾಶ್‌ನಲ್ಲಿ ಇಲ್ಲದ ಪುಟವನ್ನು ಡಿಸ್ಕ್‌ನಿಂದ ತರುವವರೆಗೆ ಐಓ-ಸಬ್ಮಿಟ್ ಅಲ್ಲೇ ಕಾಯುತ್ತದೆ. ಯಾವ ದೋಷ ಸಂಕೇತವನ್ನೂ ಅದು ಕೊಡುವುದಿಲ್ಲ, ಮೌನವಾಗಿ ಸಿಂಕ್ರೊನಸ್ ಆಗಿಬಿಡುತ್ತದೆ. ಈ ಮೌನವೇ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ.

ಓ-ಡೈರೆಕ್ಟ್ ಇದ್ದರೂ ಕಾಯಬೇಕಾದ ಸಂದರ್ಭಗಳಿವೆ. ಕಡತದ ಯಾವ ಭಾಗ ಡಿಸ್ಕ್‌ನ ಎಲ್ಲಿದೆ ಎಂಬ ನಕ್ಷೆ ಮೆಮೊರಿಯಲ್ಲಿ ಇಲ್ಲದಿದ್ದರೆ ಅದನ್ನು ಓದಿ ತರುವವರೆಗೆ ಕಾಯಬೇಕು. ಬ್ಲಾಕ್ ಸಾಧನದ ಸರದಿಯಲ್ಲಿ ಎನ್ಆರ್-ರಿಕ್ವೆಸ್ಟ್ಸ್ ಮಿತಿ ತುಂಬಿದ್ದರೆ ಜಾಗ ಖಾಲಿಯಾಗುವವರೆಗೆ ಕಾಯಬೇಕು. ಇನೋಡ್‌ನ (ಕಡತದ ವಿವರಗಳ ದಾಖಲೆಯ) ಲಾಕ್ ಬೇರೆ ಥ್ರೆಡ್ ಕೈಯಲ್ಲಿದ್ದರೂ ಅಷ್ಟೆ. ಎಕ್ಸ್‌ಟ್4 ಫೈಲ್‌ಸಿಸ್ಟಂನಲ್ಲಿ ಕಡತದ ಕೊನೆಯನ್ನು ಮುಂದಕ್ಕೆ ಬೆಳೆಸುವ ನೇರ ಬರವಣಿಗೆಯಂತೂ ಪೂರ್ತಿ ಮುಗಿಯುವವರೆಗೆ ಕರೆದವರನ್ನು ಬಿಡುವುದಿಲ್ಲ. ಆದ್ದರಿಂದ ಬೆಳೆಯುತ್ತ ಹೋಗುವ ಕಡತಕ್ಕೆ ಫಾಲೊಕೇಟ್ ಮೂಲಕ ಮೊದಲೇ ಜಾಗ ಹಿಡಿದಿಡುವುದು ಒಳ್ಳೆಯದು. ಹಾಗೆ ಹಿಡಿದ ಜಾಗವನ್ನು ಫೈಲ್‌ಸಿಸ್ಟಂ ಇನ್ನೂ ಬರೆಯದ ಜಾಗ ಎಂದು ಗುರುತಿಸಿಟ್ಟಿರುವುದರಿಂದ, ಮೊದಲ ಸಲ ಬರೆದಾಗ ಆ ಗುರುತನ್ನು ಬದಲಿಸುವ ಜರ್ನಲ್ (ಫೈಲ್‌ಸಿಸ್ಟಂನ ಬದಲಾವಣೆಗಳ ದಾಖಲೆ) ಕೆಲಸ ಉಳಿದೇ ಇರುತ್ತದೆ. ಆ ವಿಳಂಬವೂ ಬೇಡವೆನ್ನುವವರು ಕಡತವನ್ನು ಮುಂಚಿತವಾಗಿ ಸೊನ್ನೆಗಳಿಂದ ತುಂಬಿಸಿಟ್ಟು ಅದರ ಮೇಲೆಯೇ ಬರೆಯುತ್ತಾರೆ. ಎಕ್ಸ್‌ಟ್4 ಅನ್ನು ದತ್ತಾಂಶವೂ ಜರ್ನಲ್ ಮೂಲಕವೇ ಹೋಗುವ ವಿಧಾನದಲ್ಲಿ ಮೌಂಟ್ ಮಾಡಿದ್ದರೆ ಓ-ಡೈರೆಕ್ಟ್ ಕೋರಿಕೆಯನ್ನು ಅದು ಸದ್ದಿಲ್ಲದೆ ಬಫರ್ ಮಾಡಿದ (ಪೇಜ್ ಕ್ಯಾಶ್ ಮೂಲಕ ಹೋಗುವ) ಬರವಣಿಗೆಯಾಗಿ ಪರಿವರ್ತಿಸುತ್ತದೆ ಎಂಬುದನ್ನೂ ಪರಿಶೀಲಿಸಬೇಕು.

ಕರ್ನಲ್ ಅಭಿವೃದ್ಧಿಪಡಿಸುವವರು ಈ ಕೊರತೆಯನ್ನು ಎದುರಿಸಿದ ಮೊದಲ ದೃಢ ಹೆಜ್ಜೆ ಆರ್‌ಡಬ್ಲ್ಯೂಎಫ್-ನೋವೇಟ್ ಎಂಬ ಫ್ಲ್ಯಾಗ್. 2017ರಲ್ಲಿ ಬಂದ 4.13, 4.14 ಆವೃತ್ತಿಗಳಲ್ಲಿ ಇದು ನೆಲೆಗೊಂಡಿತು. ಈ ಫ್ಲ್ಯಾಗ್ ಇಟ್ಟು ಸಲ್ಲಿಸಿದ ಕೋರಿಕೆ ಕಾಯಬೇಕಾದ ಸ್ಥಿತಿ ಬಂದರೆ, ಕರ್ನಲ್ ಕಾಯದೆ ಇಎಗೇನ್ (ಮತ್ತೆ ಯತ್ನಿಸಿ) ಎಂಬ ಉತ್ತರದೊಂದಿಗೆ ಅದನ್ನು ಹಿಂದಿರುಗಿಸುತ್ತದೆ. ದೋಷ ಪತ್ತೆಗೂ ಇದು ಉಪಯುಕ್ತ. ಪರೀಕ್ಷಾ ಯಂತ್ರದಲ್ಲಿ ಈ ಫ್ಲ್ಯಾಗ್ ಹಾಕಿ ಓಡಿಸಿ, ಎಷ್ಟು ಕೋರಿಕೆಗಳು ಇಎಗೇನ್ ಪಡೆದವು ಎಂದು ಎಣಿಸಿದರೆ, ಮುಂಚೆ ಅಷ್ಟೂ ಸಲ ಮುಖ್ಯ ಥ್ರೆಡ್ ನಿಂತಿತ್ತು ಎಂದು ತಿಳಿಯುತ್ತದೆ.

ಇದೇ ಇಎಗೇನ್ ಐಓ-ಸೆಟಪ್ ಕರೆಯಿಂದ ಬಂದರೆ ಅರ್ಥ ಬೇರೆ. ಯಂತ್ರಕ್ಕೆಲ್ಲ ಸೇರಿ ಇಷ್ಟೇ ಎಐಓ ಕೋರಿಕೆಗಳು ಎಂಬ ಮಿತಿ ಎಐಓ-ಮ್ಯಾಕ್ಸ್-ಎನ್ಆರ್ ಎಂಬ ಕರ್ನಲ್ ಸೆಟ್ಟಿಂಗ್‌ನಲ್ಲಿ ಇರುತ್ತದೆ. ಅದರ ಮೂಲ ಬೆಲೆ 65536. ಒಂದೇ ಯಂತ್ರದಲ್ಲಿ ಹಲವು ಡೇಟಾಬೇಸ್‌ಗಳನ್ನು ಎಬ್ಬಿಸಿದಾಗ ಕೊನೆಯದು ಈ ಮಿತಿಗೆ ತಾಗಿ ಏಳದೆ ಉಳಿಯುತ್ತದೆ. ಎಐಓ-ಎನ್ಆರ್ ಎಂಬುದರಲ್ಲಿರುವ ಈಗಿನ ಬಳಕೆಯನ್ನು ನೋಡಿ ಮಿತಿಯನ್ನು ಏರಿಸಿದರೆ ಸಾಕು.

ಐಓ-ಯೂರಿಂಗ್: ಕಾಯುವ ಜಾಗ ಬದಲಾಗಿದೆ

2019ರ ಮೇ ತಿಂಗಳಲ್ಲಿ ಬಂದ 5.1 ಕರ್ನಲ್‌ನೊಂದಿಗೆ, ಫಿಯೋವನ್ನೂ ಬರೆದ ಯೆನ್ಸ್ ಆಕ್ಸ್‌ಬೋ ಅವರು ಐಓ-ಯೂರಿಂಗ್ ಅನ್ನು ಸೇರಿಸಿದರು. ತಂತ್ರಾಂಶವೂ ಕರ್ನಲ್ಲೂ ಹಂಚಿಕೊಂಡ ಮೆಮೊರಿಯಲ್ಲಿ ಎರಡು ರಿಂಗ್‌ಗಳಿರುತ್ತವೆ. ಸಲ್ಲಿಕೆಯ ರಿಂಗ್‌ನಲ್ಲಿ ತಲಾ 64 ಬೈಟ್‌ನ ಕೋರಿಕೆಗಳನ್ನು ಬರೆದಿಟ್ಟರೆ, ಮುಗಿದವುಗಳ ರಿಂಗ್‌ನಲ್ಲಿ ತಲಾ 16 ಬೈಟ್‌ನ ಫಲಿತಾಂಶಗಳು ಬಂದು ಬೀಳುತ್ತವೆ. ಕರ್ನಲ್ ಪ್ರತಿ ಕೋರಿಕೆಯನ್ನೂ ಮೊದಲು ಕಾಯದೆ ಮಾಡಲು ಯತ್ನಿಸುತ್ತದೆ. ಸಾಧ್ಯವಾಗದಿದ್ದರೆ ಅದನ್ನು ಐಓ-ಡಬ್ಲ್ಯೂಕ್ಯೂ ಎಂಬ ವರ್ಕರ್ ಥ್ರೆಡ್‌ಗಳ ಗುಂಪಿಗೆ ದಾಟಿಸುತ್ತದೆ. ಹೀಗಾಗಿ ಮುಖ್ಯ ಥ್ರೆಡ್ ಬಹುಮಟ್ಟಿಗೆ ಬಿಡುಗಡೆ ಹೊಂದಿದೆ, ಆದರೆ ಕಾಯುವಿಕೆ ಎಲ್ಲಿಗೂ ಹೋಗಿಲ್ಲ. ಅದು ವರ್ಕರ್ ಥ್ರೆಡ್‌ನೊಳಗೆ ಸೇರಿಕೊಂಡಿದೆ, ಮತ್ತು ನಮ್ಮ ಹುಡುಕಾಟವೂ ಅಲ್ಲಿಗೇ ಹೋಗಬೇಕು.

5.12ರಿಂದ ಈಚೆಗೆ ಈ ವರ್ಕರ್‌ಗಳು ಆಯಾ ಪ್ರಕ್ರಿಯೆಯ ಥ್ರೆಡ್‌ಗಳಾಗಿಯೇ ಹುಟ್ಟುತ್ತವೆ. ಪಿಎಸ್ ಆದೇಶಕ್ಕೆ ಥ್ರೆಡ್‌ಗಳನ್ನೂ ತೋರಿಸಲು ಹೇಳಿದರೆ ಐಓಯು-ಡಬ್ಲ್ಯೂಆರ್‌ಕೆ ಎಂಬ ಹೆಸರಿನ ಜೊತೆ ಪ್ರಕ್ರಿಯೆಯ ಸಂಖ್ಯೆ ಅಂಟಿಕೊಂಡು ಕಾಣುತ್ತವೆ. ಅವುಗಳಲ್ಲಿ ಯಾವುದು ಡಿ ಸ್ಥಿತಿಯಲ್ಲಿ (ಎಬ್ಬಿಸಲಾಗದ ನಿದ್ದೆಯಲ್ಲಿ) ಇದೆ ಎಂದು ಗುರುತಿಸಿ, ಪ್ರಾಕ್ ಡೈರೆಕ್ಟರಿಯಲ್ಲಿ ಆ ಥ್ರೆಡ್‌ನ ಸ್ಟ್ಯಾಕ್ ಕಡತವನ್ನು ರೂಟ್ ಅಧಿಕಾರದಿಂದ ಓದಿದರೆ, ಕರ್ನಲ್‌ನ ಯಾವ ಕಾರ್ಯದೊಳಗೆ ಅದು ಮಲಗಿದೆ ಎಂಬುದು ಸಾಲುಸಾಲಾಗಿ ಸಿಗುತ್ತದೆ. ಇಡೀ ಪರಿಶೀಲನೆಯಲ್ಲಿ ಇದಕ್ಕಿಂತ ಬೆಲೆಬಾಳುವ ಸಾಕ್ಷಿ ಇನ್ನೊಂದಿಲ್ಲ. ಒಮ್ಮೆ ಓದಿದರೆ ಸಾಲದು. ಸೇವೆ ನಿಂತಿರುವ ಆ ಕೆಲವು ಸೆಕೆಂಡುಗಳಲ್ಲಿ ಹತ್ತಾರು ಸಲ ಓದಿ, ಮತ್ತೆ ಮತ್ತೆ ಅದೇ ಹೆಸರು ಬರುತ್ತಿದೆಯೇ ಎಂದು ನೋಡಬೇಕು.

ಕಣ್ಣೆದುರಿನ ಒಂದು ಪ್ರಕರಣ

ನಾನು ನೋಡಿಕೊಳ್ಳುತ್ತಿದ್ದ ಒಂದು ಯಂತ್ರದಲ್ಲಿ ಲಾಗ್ ಸಂಗ್ರಹಿಸುವ ಸೇವೆಯೊಂದಿತ್ತು. ಎಂಟು ಕೋರ್‌ಗಳು, 6.1 ಕರ್ನಲ್, ಎಕ್ಸ್‌ಟ್4. ಬಂದ ನಮೂದುಗಳನ್ನೆಲ್ಲ ಆ ದಿನದ ಒಂದೇ ಕಡತದ ಕೊನೆಗೆ ಸೇರಿಸುತ್ತಿತ್ತು. ಪ್ರತಿ ನಮೂದಿಗೂ ಐಓ-ಯೂರಿಂಗ್‌ನಲ್ಲಿ ಒಂದು ಬಫರ್ ಮಾಡಿದ ಬರವಣಿಗೆ. ಆಗಾಗ ಒಂದು ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕ್‌ಗೆ ಇಳಿಸುವ ಕರೆ). ರಾತ್ರಿ ಒಂದು ಗಂಟೆಯ ನಂತರ ಮಾತ್ರ ಮೇಲೆ ಹೇಳಿದ ಲಕ್ಷಣ ಕಾಣಿಸುತ್ತಿತ್ತು.

ಐಓ-ಯೂರಿಂಗ್-ಎಂಟರ್ ಕರೆಯನ್ನು ಅಳೆದಾಗ ಅದು ಬೇಗನೆ ಹಿಂದಿರುಗುತ್ತಿತ್ತು, ಹಾಗಾಗಿ ದೋಷ ಸಲ್ಲಿಕೆಯಲ್ಲಿಲ್ಲ. ಡಿಸ್ಕ್‌ನ ಅಂಕಿಅಂಶ ತೋರಿಸುವ ಐಓಸ್ಟ್ಯಾಟ್‌ನಲ್ಲಿ ಬರವಣಿಗೆಯ ಸರಾಸರಿ ಕಾಯುವಿಕೆ ಸ್ವಲ್ಪ ಏರಿತ್ತೇ ಹೊರತು ಸೆಕೆಂಡುಗಳ ಲೆಕ್ಕಕ್ಕೆ ಹೋಗಿರಲಿಲ್ಲ, ಹಾಗಾಗಿ ಕಲ್ಲೂ ನಿಧಾನವಲ್ಲ. ಉಳಿದದ್ದು ನಡುವಿನ ಆಳು. ಆ ಹಂತದಲ್ಲಿ ತಂಡಕ್ಕೆ ಸಹಜವಾಗಿ ತೋಚಿದ ಉಪಾಯವೆಂದರೆ ವರ್ಕರ್‌ಗಳನ್ನು ಹೆಚ್ಚಿಸುವುದು. ಸಾಮಾನ್ಯ ಕಡತಗಳಿಗೆ ಸಿಗುವ ವರ್ಕರ್‌ಗಳ ಮಿತಿ ಮೂಲದಲ್ಲಿ, ಸಲ್ಲಿಕೆಯ ರಿಂಗ್‌ನ ಗಾತ್ರ ಮತ್ತು ಪ್ರೊಸೆಸರ್‌ಗಳ ಸಂಖ್ಯೆಯ ನಾಲ್ಕರಷ್ಟು ಇವುಗಳಲ್ಲಿ ಯಾವುದು ಚಿಕ್ಕದೋ ಅಷ್ಟು, ನಮ್ಮಲ್ಲಿ 32. ಇದನ್ನು ಬದಲಿಸುವ ಸೌಲಭ್ಯ 5.15ರಿಂದ ಇದೆ. 64ಕ್ಕೆ ಏರಿಸಿದೆವು. ಕಿಂಚಿತ್ತೂ ವ್ಯತ್ಯಾಸವಾಗಲಿಲ್ಲ.

ಏಕೆ ಆಗಲಿಲ್ಲ ಎಂಬುದನ್ನು ಟ್ರೇಸ್‌ಪಾಯಿಂಟ್ (ಕರ್ನಲ್‌ನೊಳಗೆ ಘಟನೆಗಳನ್ನು ದಾಖಲಿಸುವ ಗುರುತು) ತೋರಿಸಿತು. ಐಓ-ಯೂರಿಂಗ್‌ನ ಕ್ಯೂ-ಅಸಿಂಕ್-ವರ್ಕ್ ಎಂಬ ಟ್ರೇಸ್‌ಪಾಯಿಂಟ್ ಅನ್ನು ಪರ್ಫ್ ಮೂಲಕ ದಾಖಲಿಸಿದಾಗ, ವರ್ಕರ್‌ಗೆ ದಾಟಿದ ಪ್ರತಿ ಕೋರಿಕೆಗೂ ಒಂದೊಂದು ಸಾಲು ಬರುತ್ತದೆ, ಮತ್ತು ಆ ಸಾಲಿನಲ್ಲಿ ಅದು ಸೇರಿದ ಸರದಿ ನಾರ್ಮಲ್ ಎಂದೋ ಹ್ಯಾಶ್ಡ್ ಎಂದೋ ಬರೆದಿರುತ್ತದೆ. ನಮ್ಮ ದಾಖಲೆಯಲ್ಲಿ ಎರಡು ಸಂಗತಿಗಳು ಎದ್ದು ಕಂಡವು. ಮೊದಲನೆಯದು, ಬಹುತೇಕ ಬರವಣಿಗೆಗಳಲ್ಲ, ಎಲ್ಲ ಬರವಣಿಗೆಗಳೂ ವರ್ಕರ್‌ಗೆ ದಾಟುತ್ತಿದ್ದವು. ಆ ಕರ್ನಲ್‌ನ ಎಕ್ಸ್‌ಟ್4 ನಲ್ಲಿ ಬಫರ್ ಮಾಡಿದ ಬರವಣಿಗೆಯನ್ನು ಕಾಯದೆ ಯತ್ನಿಸುವ ದಾರಿಯೇ ಇಲ್ಲದ್ದರಿಂದ, ಪೇಜ್ ಕ್ಯಾಶ್‌ನಲ್ಲಿ ಜಾಗವಿದ್ದರೂ ಐಓ-ಯೂರಿಂಗ್ ಅದನ್ನು ನೇರವಾಗಿ ವರ್ಕರ್‌ಗೆ ಕೊಡುತ್ತದೆ. ಎರಡನೆಯದು, ಆ ಸಾಲುಗಳೆಲ್ಲ ಹ್ಯಾಶ್ಡ್ ಎಂದಿದ್ದವು. ಒಂದೇ ಕಡತಕ್ಕೆ ಬರೆಯುವ ಕೆಲಸಗಳನ್ನು ಐಓ-ಡಬ್ಲ್ಯೂಕ್ಯೂ ಆ ಕಡತದ ಇನೋಡ್‌ಗೆ ತಕ್ಕ ಹ್ಯಾಶ್‌ನಡಿ ಕಟ್ಟಿ, ಒಂದು ಮುಗಿದ ಮೇಲೆಯೇ ಇನ್ನೊಂದನ್ನು ನಡೆಸುತ್ತದೆ. ಇದು ತಪ್ಪಲ್ಲ. ಹೇಗಿದ್ದರೂ ಇನೋಡ್‌ನ ಲಾಕ್‌ಗಾಗಿ ಒಬ್ಬರಿಗೊಬ್ಬರು ತಡೆಯಾಗುವ ಹತ್ತಾರು ವರ್ಕರ್‌ಗಳನ್ನು ಎಬ್ಬಿಸಿ ನಿಲ್ಲಿಸುವುದಕ್ಕಿಂತ ಒಬ್ಬನೇ ಮಾಡುವುದು ಮೇಲೆಂಬ ವಿವೇಕ ಅದರಲ್ಲಿದೆ. ಆದರೆ ಪರಿಣಾಮವನ್ನು ಗಮನಿಸಿ: ಕಡತ ಒಂದೇ ಆದ್ದರಿಂದ ಅದಕ್ಕೆ ಬರೆಯುವ ಆಳೂ ಒಬ್ಬನೇ. ಮಿತಿಯನ್ನು 64ಕ್ಕೆ ಏರಿಸಿದರೂ 640ಕ್ಕೆ ಏರಿಸಿದರೂ ಕೈ ಒಂದೇ.

ಆ ಒಬ್ಬನು ರಾತ್ರಿ ಒಂದರ ನಂತರ ಎಲ್ಲಿ ಮಲಗುತ್ತಿದ್ದ? ಸ್ಟ್ಯಾಕ್‌ನಲ್ಲಿ ಮತ್ತೆ ಮತ್ತೆ ಬಂದ ಹೆಸರು ಬ್ಯಾಲೆನ್ಸ್-ಡರ್ಟಿ-ಪೇಜಸ್. ಮೆಮೊರಿಯಲ್ಲಿ ಬರೆದು ಇನ್ನೂ ಡಿಸ್ಕ್‌ಗೆ ಇಳಿಸದ ಪುಟಗಳು (ಡರ್ಟಿ ಪುಟಗಳು) ಮಿತಿ ಮೀರುವತ್ತ ಹೋದಾಗ, ಬರೆಯುವವರನ್ನು ಕರ್ನಲ್ ಬೇಕೆಂದೇ ನಿಧಾನಗೊಳಿಸುವ ಕಾರ್ಯವಿದು. ಡರ್ಟಿ-ಬ್ಯಾಕ್‌ಗ್ರೌಂಡ್-ರೇಷಿಯೊ ಮೂಲದಲ್ಲಿ ಶೇಕಡಾ 10, ಡರ್ಟಿ-ರೇಷಿಯೊ ಶೇಕಡಾ 20. ಇವೆರಡರ ನಡುಬಿಂದುವನ್ನು ದಾಟಿದೊಡನೆ ತಡೆ ಶುರುವಾಗುತ್ತದೆ. ಒಂದು ಸಲಕ್ಕೆ ಗರಿಷ್ಠ 200 ಮಿಲಿಸೆಕೆಂಡು ಮಲಗಿಸಿ, ಮಿತಿ ಇನ್ನೂ ಮೀರಿಯೇ ಇದ್ದರೆ ಮತ್ತೆ ಮಲಗಿಸುತ್ತದೆ. ಪ್ರಾಕ್‌ನ ಮೆಮ್‌ಇನ್ಫೋ ಕಡತದಲ್ಲಿ ಡರ್ಟಿ ಮತ್ತು ರೈಟ್‌ಬ್ಯಾಕ್ ಸಾಲುಗಳನ್ನು ಸೆಕೆಂಡಿಗೊಮ್ಮೆ ಬರೆದಿಟ್ಟು ನೋಡಿದಾಗ, ಒಂದು ಗಂಟೆಗೆ ಸರಿಯಾಗಿ ಅವು ಏರತೊಡಗುತ್ತಿದ್ದವು. ಅದೇ ಯಂತ್ರದಲ್ಲಿ ಆ ಹೊತ್ತಿಗೆ ಬ್ಯಾಕಪ್ ಕೆಲಸವೊಂದು ಶುರುವಾಗಿ ಪೇಜ್ ಕ್ಯಾಶ್‌ಗೆ ದೊಡ್ಡ ಕಡತಗಳನ್ನು ಸುರಿಯುತ್ತಿತ್ತು.

ಹೀಗೆ ಕಾರಣ ಎರಡು ಪದರಗಳಲ್ಲಿತ್ತು. ಬ್ಯಾಕಪ್ ಮಿತಿಯನ್ನು ತುಂಬಿಸುತ್ತಿತ್ತು. ಅದರ ಶಿಕ್ಷೆ ಲಾಗ್ ಬರೆಯುವ ಏಕೈಕ ವರ್ಕರ್‌ಗೂ ತಟ್ಟುತ್ತಿತ್ತು. ಅವನ ಹಿಂದೆ ಹ್ಯಾಶ್ ಸರದಿಯಲ್ಲಿ ನೂರಾರು ಸಣ್ಣ ಬರವಣಿಗೆಗಳು ನಿಲ್ಲುತ್ತಿದ್ದವು. ಬ್ಯಾಕಪ್ ಅನ್ನು ಮಾತ್ರ ಸರಿಪಡಿಸಿದ್ದರೆ ದೋಷ ಇನ್ನೊಂದು ದಿನ ಇನ್ನೊಂದು ನೆಪದಲ್ಲಿ ಬರುತ್ತಿತ್ತು.

ಪರಿಹಾರದ ಆಯ್ಕೆಗಳು

ಹಿನ್ನೆಲೆಯ ಬರವಣಿಗೆ ಬೇಗ ಶುರುವಾಗುವಂತೆ ಡರ್ಟಿ-ಬ್ಯಾಕ್‌ಗ್ರೌಂಡ್-ಬೈಟ್ಸ್ ಅನ್ನು ಕೆಲವು ನೂರು ಮೆಗಾಬೈಟ್‌ಗಳಿಗೆ ಇಳಿಸಿದೆವು. ಮೆಮೊರಿ ಹೆಚ್ಚಿರುವ ಯಂತ್ರದಲ್ಲಿ ಶೇಕಡಾ 10 ಎಂದರೇ ಹಲವು ಗಿಗಾಬೈಟ್‌ಗಳಾಗಿ, ಡಿಸ್ಕ್‌ಗೆ ಇಳಿಸುವ ಕೆಲಸ ಒಮ್ಮೆಗೇ ಬೆಟ್ಟದಂತೆ ಮೇಲೆ ಬೀಳುತ್ತದೆ. ಬ್ಯಾಕಪ್ ಅನ್ನು ಎರಡನೆಯ ಆವೃತ್ತಿಯ ಸಿಗ್ರೂಪ್‌ನೊಳಗೆ (ಪ್ರಕ್ರಿಯೆಗಳ ಗುಂಪಿಗೆ ಮಿತಿ ಹಾಕುವ ಸೌಲಭ್ಯದೊಳಗೆ) ಇಟ್ಟು ಮೆಮೊರಿಗೆ ಮಿತಿ ಹಾಕಿದರೆ, ಅದರ ಡರ್ಟಿ ಪುಟಗಳ ಲೆಕ್ಕವೂ ಆ ಗುಂಪಿನೊಳಗೇ ಬೇರೆಯಾಗಿ ನಡೆದು, ತಡೆ ಬ್ಯಾಕಪ್‌ಗೇ ಮೊದಲು ತಟ್ಟುತ್ತದೆ.

ತಂತ್ರಾಂಶದಲ್ಲಿ ಮಾಡಿದ ಬದಲಾವಣೆಯೇ ನನ್ನ ಅಭಿಪ್ರಾಯದಲ್ಲಿ ಹೆಚ್ಚು ಮುಖ್ಯವಾದದ್ದು. ಪ್ರತಿ ನಮೂದಿಗೂ ಒಂದು ಕೋರಿಕೆ ಕಳಿಸುವ ಬದಲು, ಹಿಂದಿನ ಬರವಣಿಗೆ ಮುಗಿಯುವವರೆಗೆ ಬಂದ ನಮೂದುಗಳನ್ನೆಲ್ಲ ಕೂಡಿಟ್ಟು ಹಲವು ಬಫರ್‌ಗಳನ್ನು ಒಟ್ಟಿಗೆ ಬರೆಯುವ ಒಂದೇ ರೈಟ್‌ವಿ ಕೋರಿಕೆಯಾಗಿ ಕಳಿಸಿದೆವು. ಆಳು ಒಬ್ಬನೇ ಇರುವಲ್ಲಿ ನೂರು ಸಣ್ಣ ಡಬ್ಬಿಗಳಿಗಿಂತ ಒಂದು ದೊಡ್ಡ ಡಬ್ಬಿ ಲೇಸು.

ಕರ್ನಲ್ ಕಡೆಯಿಂದ ಬಂದ ಪರಿಹಾರವೂ ಇದೆ. 6.0 ಆವೃತ್ತಿಯಲ್ಲಿ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂಗೆ, 6.1ರಲ್ಲಿ ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಂಗೆ ಬಫರ್ ಮಾಡಿದ ಬರವಣಿಗೆಯನ್ನು ಕಾಯದೆ ಯತ್ನಿಸುವ ಸಾಮರ್ಥ್ಯ ಸೇರಿತು. ಪುಟಗಳು ಸಿಕ್ಕಿ, ಲಾಕ್ ಬಿಡುವಾಗಿದ್ದು, ಡರ್ಟಿ ಮಿತಿಯೂ ದೂರವಿದ್ದರೆ, ಬರವಣಿಗೆ ಸಲ್ಲಿಕೆಯ ಕ್ಷಣದಲ್ಲೇ ಪೇಜ್ ಕ್ಯಾಶ್‌ಗೆ ನಕಲಾಗಿ ಮುಗಿಯುತ್ತದೆ, ವರ್ಕರ್‌ನ ಮುಖವನ್ನೇ ನೋಡುವುದಿಲ್ಲ. ಲಾಗ್ ಕಡತಗಳನ್ನು ಎಕ್ಸ್‌ಎಫ್‌ಎಸ್ ವಿಭಾಗಕ್ಕೆ ಸ್ಥಳಾಂತರಿಸಿದ ಮೇಲೆ ಅದೇ ಟ್ರೇಸ್‌ಪಾಯಿಂಟ್‌ನ ಪ್ರವಾಹದಂತಿದ್ದ ಸಾಲುಗಳು ಹನಿಹನಿಯಾದವು. ಬಫರ್ ಮಾಡಿದ ಓದಿಗೆ ಇಂಥ ಅನುಕೂಲ ಮುಂಚೆಯೇ, 5.9ರಲ್ಲಿ ಬಂದಿತ್ತು: ಪುಟ ಕ್ಯಾಶ್‌ನಲ್ಲಿ ಇಲ್ಲದಿದ್ದರೂ ವರ್ಕರ್‌ನನ್ನು ಕಟ್ಟಿಹಾಕದೆ, ಪುಟ ಬಂದಾಗ ತಿಳಿಸುವ ವ್ಯವಸ್ಥೆ ಮಾಡಿಕೊಂಡು ಓದನ್ನು ಮುಂದುವರಿಸಲಾಗುತ್ತದೆ. ಇನ್ನೂ 5.4ರಂಥ ಕರ್ನಲ್ ಇಟ್ಟುಕೊಂಡು ಐಓ-ಯೂರಿಂಗ್‌ನ ವೇಗವನ್ನು ದೂರುವವರು ಮೊದಲು ಕರ್ನಲ್ ಬದಲಿಸಬೇಕೆಂದೇ ಹೇಳುತ್ತೇನೆ.

ಎಫ್‌ಸಿಂಕ್: ವಿಳಂಬಕ್ಕಿಂತ ದೊಡ್ಡ ಅಪಾಯ

ಎಫ್‌ಸಿಂಕ್ ಕೋರಿಕೆ ಕಾಯಲೇಬೇಕಾದದ್ದು. ಐಓ-ಯೂರಿಂಗ್ ಅದನ್ನು ಯಾವಾಗಲೂ ವರ್ಕರ್‌ಗೇ ಕೊಡುತ್ತದೆ. ಆ ವರ್ಕರ್‌ನ ಸ್ಟ್ಯಾಕ್‌ನಲ್ಲಿ ಜೆಬಿಡಿ2 ಲಾಗ್-ವೇಟ್-ಕಮಿಟ್ ಎಂಬ ಹೆಸರು ಕಂಡರೆ ಎಕ್ಸ್‌ಟ್4 ನ ಜರ್ನಲ್‌ಗಾಗಿ ಕಾಯುತ್ತಿದೆ ಎಂದರ್ಥ. ಜರ್ನಲ್ ಇಡೀ ಫೈಲ್‌ಸಿಸ್ಟಂಗೆ ಒಂದೇ ಆದ್ದರಿಂದ, ನಮ್ಮ ಸಣ್ಣ ಕಡತದ ಎಫ್‌ಸಿಂಕ್ ಬೇರೆಯವರ ಬದಲಾವಣೆಗಳೂ ಸೇರಿದ ವಹಿವಾಟು ಪೂರ್ತಿ ಇಳಿಯುವವರೆಗೆ ಕಾಯಬೇಕಾಗುತ್ತದೆ. ಇಂಥಲ್ಲಿ ಪ್ರತ್ಯೇಕ ಫೈಲ್‌ಸಿಸ್ಟಂ ಒಂದೇ ನಿಜವಾದ ಪರಿಹಾರ.

ಇದಕ್ಕಿಂತ ಗಂಭೀರವಾದ ವಿಷಯವನ್ನು ದಯವಿಟ್ಟು ಗಮನವಿಟ್ಟು ಓದಬೇಕು. ರಿಂಗ್‌ನಲ್ಲಿ ಬರವಣಿಗೆಯ ಹಿಂದೆಯೇ ಎಫ್‌ಸಿಂಕ್ ಇಟ್ಟ ಮಾತ್ರಕ್ಕೆ ಕರ್ನಲ್ ಅವುಗಳನ್ನು ಅದೇ ಕ್ರಮದಲ್ಲಿ ನಡೆಸುತ್ತದೆ ಎಂಬ ಭರವಸೆಯಿಲ್ಲ. ಮೇಲಿನ ಪ್ರಕರಣದಲ್ಲಿ ಬರವಣಿಗೆಗಳು ಹ್ಯಾಶ್ ಸರದಿಯಲ್ಲಿ ನಿಂತಿದ್ದಾಗ, ಆ ಸರದಿಗೆ ಸೇರದ ಎಫ್‌ಸಿಂಕ್ ಬೇರೊಂದು ವರ್ಕರ್‌ನ ಕೈಗೆ ಹೋಗಿ, ಇನ್ನೂ ಬರೆಯದ ದತ್ತಾಂಶವನ್ನು ಬಿಟ್ಟು ಯಶಸ್ವಿಯಾಗಿ ಮುಗಿಯುತ್ತಿತ್ತು. ನಮೂದು ಸುರಕ್ಷಿತವಾಗಿದೆ ಎಂದು ಸೇವೆ ಗ್ರಾಹಕರಿಗೆ ಉತ್ತರ ಕೊಟ್ಟ ಆ ಕ್ಷಣದಲ್ಲಿ ವಿದ್ಯುತ್ ಹೋಗಿದ್ದರೆ ಆ ನಮೂದು ಎಲ್ಲೂ ಇರುತ್ತಿರಲಿಲ್ಲ. ವಿಳಂಬವನ್ನು ಹುಡುಕಲು ಹೊರಟು ಇದನ್ನು ಕಂಡಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬರವಣಿಗೆಗಳ ಫಲಿತಾಂಶ ಬಂದ ಮೇಲೆ ಮಾತ್ರ ಎಫ್‌ಸಿಂಕ್ ಸಲ್ಲಿಸಬೇಕು, ಇಲ್ಲವೇ ಬರವಣಿಗೆಯ ಕೋರಿಕೆಗೆ ಐಓ-ಲಿಂಕ್ ಫ್ಲ್ಯಾಗ್ ಹಾಕಿ ಎಫ್‌ಸಿಂಕ್ ಅನ್ನು ಅದಕ್ಕೆ ಕೊಂಡಿಯಾಗಿ ಜೋಡಿಸಬೇಕು. ಕೊಂಡಿ ಹಾಕಿದಾಗ, ಕೇಳಿದ್ದಕ್ಕಿಂತ ಕಡಿಮೆ ಬೈಟ್‌ಗಳು ಬರೆದುಹೋದರೂ ಕೊಂಡಿ ತುಂಡಾಗಿ ಎಫ್‌ಸಿಂಕ್‌ಗೆ ಇಕ್ಯಾನ್ಸಲ್ಡ್ ಉತ್ತರ ಬರುತ್ತದೆ. ಆದ್ದರಿಂದ ಪ್ರತಿ ಫಲಿತಾಂಶದ ರೆಸ್ ಬೆಲೆಯನ್ನು ಬೈಟ್‌ಗಳ ಎಣಿಕೆಯೊಂದಿಗೆ ಹೋಲಿಸಿ ನೋಡುವುದು ಕಡ್ಡಾಯ.

ಬೇಗ ಪರಿಶೀಲಿಸಬಹುದಾದ ಇತರ ಕಾರಣಗಳು

ಐಓ-ಯೂರಿಂಗ್-ಸೆಟಪ್ ಕರೆಯೇ ಇಪರ್ಮ್ (ಅನುಮತಿಯಿಲ್ಲ) ಎಂದು ಸೋತರೆ, 6.6ರಿಂದ ಇರುವ ಐಓ-ಯೂರಿಂಗ್-ಡಿಸೇಬಲ್ಡ್ ಸೆಟ್ಟಿಂಗ್ ನೋಡಬೇಕು. 2 ಎಂದಿದ್ದರೆ ಎಲ್ಲರಿಗೂ ನಿಷೇಧ, 1 ಎಂದಿದ್ದರೆ ವಿಶೇಷ ಅಧಿಕಾರವಿರುವವರಿಗೆ ಮತ್ತು ಗೊತ್ತುಪಡಿಸಿದ ಗುಂಪಿನವರಿಗೆ ಮಾತ್ರ ಅವಕಾಶ. ಕಂಟೇನರ್‌ನೊಳಗೆ ಮಾತ್ರ ಸೋಲುತ್ತಿದ್ದರೆ ಸಿಸ್ಟಂ ಕಾಲ್‌ಗಳನ್ನು ಸೋಸುವ ಸೆಕಾಂಪ್ ಪ್ರೊಫೈಲ್ ಅದನ್ನು ತಡೆಯುತ್ತಿದೆ. ಈ ತಡೆಯನ್ನು ಕಣ್ಣುಮುಚ್ಚಿ ತೆಗೆದುಹಾಕಬಾರದು. ಭದ್ರತಾ ದೋಷ ಹುಡುಕುವವರಿಗೆ ಕೊಡುವ ತನ್ನ ಬಹುಮಾನ ಯೋಜನೆಗೆ ಬಂದ ಕರ್ನಲ್ ಭೇದನಗಳಲ್ಲಿ ಶೇಕಡಾ 60ರಷ್ಟು ಐಓ-ಯೂರಿಂಗ್ ಮೂಲಕವೇ ಬಂದಿದ್ದವು ಎಂದು ಗೂಗಲ್ 2023ರಲ್ಲಿ ಪ್ರಕಟಿಸಿ, ತನ್ನ ಸರ್ವರ್‌ಗಳಲ್ಲಿ ಅದನ್ನು ನಿಲ್ಲಿಸಿತು. 5.12ಕ್ಕಿಂತ ಹಿಂದಿನ ಕರ್ನಲ್‌ನಲ್ಲಿ ಸೆಟಪ್‌ಗೆ ಇನೊಮೆಮ್ (ಮೆಮೊರಿ ಸಾಲದು) ಬಂದರೆ ಮೆಮ್‌ಲಾಕ್ ಮಿತಿ ಏರಿಸಬೇಕು.

ಕೋರಿಕೆಗಳು ಮುಗಿದರೂ ಫಲಿತಾಂಶ ತಡವಾಗಿ ಸಿಗುತ್ತಿದ್ದರೆ ಮುಗಿದವುಗಳ ರಿಂಗ್ ತುಂಬಿ ತುಳುಕುತ್ತಿರಬಹುದು. ಅದರ ಗಾತ್ರ ಮೂಲದಲ್ಲಿ ಸಲ್ಲಿಕೆಯ ರಿಂಗ್‌ನ ಎರಡರಷ್ಟು. ಪ್ರಾಕ್‌ನಲ್ಲಿ ಆ ರಿಂಗ್‌ನ ಎಫ್‌ಡಿಇನ್ಫೋ ಕಡತ ಓದಿದರೆ ಎರಡೂ ರಿಂಗ್‌ಗಳ ತಲೆ ಬಾಲಗಳ ಸ್ಥಾನ ಮತ್ತು ತುಳುಕಿದವುಗಳ ಪಟ್ಟಿ ಕಾಣುತ್ತವೆ. ಆ ಪಟ್ಟಿ ಖಾಲಿಯಿಲ್ಲವೆಂದರೆ ದೋಷ ತಂತ್ರಾಂಶದ್ದೇ. ಅದು ಫಲಿತಾಂಶಗಳನ್ನು ಬೇಗ ಎತ್ತಿಕೊಳ್ಳುತ್ತಿಲ್ಲ.

ಓ-ಡೈರೆಕ್ಟ್ ಕೋರಿಕೆಗೆ ಐನ್ವಾಲ್ (ಒಪ್ಪಲಾಗದ ಬೆಲೆ) ಬಂದರೆ ಬಫರ್‌ನ ವಿಳಾಸ, ಉದ್ದ, ಕಡತದೊಳಗಿನ ಸ್ಥಾನ ಇವು ಸಾಧನದ ಬ್ಲಾಕ್ ಅಳತೆಗೆ ಹೊಂದಿಲ್ಲ. 6.1ರಿಂದ ಸ್ಟ್ಯಾಟ್‌ಎಕ್ಸ್ ಕರೆಯಲ್ಲೇ ಈ ಅಳತೆಯನ್ನು ಕೇಳಿ ಪಡೆಯಬಹುದು.

ಸರಿಯಾಯಿತೆಂದು ಖಚಿತಪಡಿಸಿಕೊಳ್ಳುವುದು

ಸೇವೆ ಒಂದು ರಾತ್ರಿ ನಿಲ್ಲದೆ ನಡೆಯಿತು ಎಂಬುದು ಸಾಕ್ಷಿಯಾಗುವುದಿಲ್ಲ. ದೋಷ ಹುಟ್ಟಿಸಿದ ಸ್ಥಿತಿಯನ್ನೇ ಪರೀಕ್ಷಾ ಯಂತ್ರದಲ್ಲಿ ಮತ್ತೆ ನಿರ್ಮಿಸಬೇಕು: ಒಂದು ಕಡೆ ಫಿಯೋದಿಂದ ಬಫರ್ ಮಾಡಿದ ದೊಡ್ಡ ಬರವಣಿಗೆಯನ್ನು ಓಡಿಸಿ ಡರ್ಟಿ ಪುಟಗಳನ್ನು ಮಿತಿಯತ್ತ ತಳ್ಳುತ್ತ, ಇನ್ನೊಂದು ಕಡೆ ಸೇವೆಗೆ ಎಂದಿನ ಹೊರೆ ಕೊಡಬೇಕು. ಆ ಹೊತ್ತಿನಲ್ಲಿ ಸರಾಸರಿ ವಿಳಂಬ ನೋಡಬಾರದು. ಸರಾಸರಿಯಲ್ಲಿ ಈ ದೋಷ ಮೊದಲೂ ಕಾಣುತ್ತಿರಲಿಲ್ಲ. ನೂರಕ್ಕೆ ತೊಂಬತ್ತೊಂಬತ್ತನೆಯ ಮತ್ತು ಅದಕ್ಕೂ ಮೇಲಿನ ಅಂಕಿಗಳನ್ನು, ಜೊತೆಗೆ ಕ್ಯೂ-ಅಸಿಂಕ್-ವರ್ಕ್ ಸಾಲುಗಳ ಎಣಿಕೆಯನ್ನು, ಬದಲಾವಣೆಯ ಮೊದಲು ಮತ್ತು ನಂತರ ಬರೆದಿಟ್ಟುಕೊಂಡು ಹೋಲಿಸಬೇಕು. ಟಾಪ್‌ನಲ್ಲಿ ಕಾಣುವ ವೇಟ್ ಶೇಕಡಾವಾರನ್ನು ಈ ಹೋಲಿಕೆಗೆ ಬಳಸಬಾರದು. 2023ರ ಮಧ್ಯದಲ್ಲಿ ಬಂದ ಕೆಲವು ಕರ್ನಲ್‌ಗಳು ಐಓ-ಯೂರಿಂಗ್‌ನಲ್ಲಿ ಸುಮ್ಮನೆ ಫಲಿತಾಂಶಕ್ಕಾಗಿ ಕಾದಿರುವ ಥ್ರೆಡ್ ಅನ್ನೂ ಡಿಸ್ಕ್‌ಗಾಗಿ ಕಾಯುತ್ತಿದೆ ಎಂದು ಲೆಕ್ಕ ಹಾಕಿ, ಬಿಡುವಾಗಿರುವ ಯಂತ್ರದಲ್ಲೂ ನೂರರ ಹತ್ತಿರದ ಅಂಕಿ ತೋರಿಸುತ್ತಿದ್ದವು.

ಕೊನೆಯದಾಗಿ ಎಫ್‌ಸಿಂಕ್ ಕ್ರಮದ ಪರೀಕ್ಷೆ. ಸೇವೆ ಓಡುತ್ತಿರುವಾಗಲೇ ವರ್ಚುವಲ್ ಯಂತ್ರದ ವಿದ್ಯುತ್ತನ್ನು ಹಠಾತ್ತನೆ ಕಡಿದು, ಮತ್ತೆ ಎಬ್ಬಿಸಿ, ಸುರಕ್ಷಿತವೆಂದು ಉತ್ತರ ಕೊಟ್ಟ ಪ್ರತಿ ನಮೂದೂ ಕಡತದಲ್ಲಿ ಇದೆಯೇ ಎಂದು ಒಂದೊಂದಾಗಿ ಹೋಲಿಸಬೇಕು. ನಾವು ಇದನ್ನು ಬದಲಾವಣೆಯ ಮೊದಲಿನ ತಂತ್ರಾಂಶದ ಮೇಲೂ ಓಡಿಸಿದೆವು. ಹಳೆಯದರಲ್ಲಿ ನಮೂದುಗಳು ಕಾಣೆಯಾಗಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ, ಹೊಸದರಲ್ಲಿ ಎಲ್ಲವೂ ಸಿಕ್ಕಿದ್ದನ್ನು ನಂಬಿದೆವು.